ಫೋನಲ್ಲಿ ಸುರಿಯೋ ಮಳೆ

ನಾನು ವಿಜ್ಞಾನಿ ಆಗ್ಬೇಕು ಅಂತ ತೀರ್ಮಾನ ಮಾಡಿದ್ದು ನನ್ನ ಸೈನ್ಸ್ ಮಾರ್ಕ್ಸ್ ನೋಡಿ ಅಲ್ಲ. ಅದನ್ನ ನೋಡಿದ ಯಾರಿಗೂ ಅಂಥ ಯೋಚನೆ ಬರಲ್ಲ. ಹೊರದೇಶದಲ್ಲಿ ಒಂದು ಪ್ರಶಸ್ತಿ ಕೊಡ್ತಾರಂತೆ. ಸಂಶೋಧನೆ ಏನು ಅಂತ ಕೇಳಿದ ಕೂಡ್ಲೇ ಜನ ನಗಬೇಕು, ನಕ್ಕು ಮುಗಿದ ಮೇಲೆ 'ಹೌದಲ್ವಾ' ಅಂತ ತಲೆ ಕೆರ್ಕೋಬೇಕು. ಟೀ ಬಗ್ಗಿಸಿದ್ರೆ ಅದು ಲೋಟಕ್ಕೆ ಬೀಳದೆ ಪಾತ್ರೆಯ ಹೊಟ್ಟೆ ಸವರ್ಕೊಂಡು ಯಾಕೆ ಇಳಿಯುತ್ತೆ ಅನ್ನೋದಕ್ಕೆಲ್ಲ ಅಲ್ಲಿ ಬಹುಮಾನ ಉಂಟು. ಇದನ್ನ ಓದಿದಾಗ ನನಗೆ ಧೈರ್ಯ ಬಂತು. ನಗೋ ಭಾಗ ನಮ್ಮ ಮನೆಯಲ್ಲಿ ಬೇಕಾದಷ್ಟಿದೆ, ಯೋಚನೆ ಭಾಗ ಒಂದು ಹೊಂದಿಸಿದ್ರೆ ಆಯ್ತು. ಸ್ಟೇಜ್ ಮೇಲೆ ಯಾವ ಡ್ರೆಸ್ ಹಾಕೋದು ಅಂತ ಆಗಲೇ ತೀರ್ಮಾನ ಮಾಡಿಬಿಟ್ಟೆ.

ವಿಷಯಕ್ಕೆ ಅಂಗಳ ದಾಟೋದೂ ಬೇಕಾಗ್ಲಿಲ್ಲ. ನಮ್ಮದು ಬಿಟ್ಟಂಗಾಲದಲ್ಲಿ ಸಣ್ಣ ಕಾಫಿ ತೋಟ. ನಮ್ಮ ಕಡೆ ತೋಟ ಇರೋ ಮನೆ ಅಂದ್ರೆ ಅಂಗಳದಲ್ಲಿ ಮಳೆ ಅಳೆಯೋ ರೈನ್‌ಗೇಜ್ ಇರ್ಲೇಬೇಕು. ಮಳೆ ಬಂದ ಮಾರನೇ ಬೆಳಿಗ್ಗೆ ಅಪ್ಪ ಮುಖ ತೊಳೆಯೋ ಮುಂಚೆ ಅದರ ನೀರು ಅಳೀತಾರೆ. ಆಮೇಲೆ ಫೋನ್ ಶುರು. "ನಿಮ್ಮಲ್ಲಿ ಎಷ್ಟು?" ಅಂತ ಇವರು, "ನಿಮ್ಮಲ್ಲಿ ಎಷ್ಟು?" ಅಂತ ಅವರು. ಲೆಕ್ಕ ಇಂಚು, ಸೆಂಟಲ್ಲಿ. ನೂರು ಸೆಂಟ್ ಸೇರಿದ್ರೆ ಒಂದು ಇಂಚು. ನಾನು ಕಂಡುಹಿಡಿದ ಸಂಗತಿ ಏನಂದ್ರೆ, ಗೇಜಲ್ಲಿರೋ ಮಳೆಗಿಂತ ಫೋನಲ್ಲಿರೋ ಮಳೆ ಯಾವಾಗ್ಲೂ ಜಾಸ್ತಿ. ಅಪ್ಪ ಸುಳ್ಳುಗಾರ ಆಗಿದ್ರೆ ಇದರಲ್ಲಿ ಸಂಶೋಧನೆಗೇನೂ ಇರ್ತಿರಲಿಲ್ಲ. ಬಸ್ಸಲ್ಲಿ ನಾನು ಉಸಿರು ಬಿಗಿಹಿಡಿದು ಅರ್ಧ ಟಿಕೆಟಿನ ಸೈಜಿಗೆ ಕುಗ್ಗಿ ಕೂತಿದ್ರೂ, ಕಂಡಕ್ಟರ್ ಕೇಳೋ ಮುಂಚೆ "ಇವಳಿಗೆ ಹನ್ನೆರಡು ದಾಟಿದೆ" ಅಂತ ಹೇಳಿ ನನ್ನ ಮಾನ ತೆಗೆದ ಮನುಷ್ಯ ಅವರು. ಅಂಥವರ ಬಾಯಲ್ಲಿ ಮಳೆ ಮಾತ್ರ ಯಾಕೆ ಉಬ್ಬುತ್ತೆ?

ಈ ಸಲದ ಹೂಮಳೆಯಲ್ಲಿ ಉತ್ತರ ಸಿಕ್ತು. ಕಾಫಿ ಕುಯ್ದು ಮುಗಿದ ಮೇಲೆ ಬರೋ ಮೊದಲನೇ ಮಳೆಗೆ ನಮ್ಮಲ್ಲಿ ಹೂಮಳೆ ಅಂತಾರೆ. ಅದು ಒಂದು ಇಂಚಾದ್ರೂ ಬೀಳ್ಬೇಕು. ಅರೆಬರೆ ಬಿದ್ರೆ ಮೊಗ್ಗು ಎಚ್ಚರ ಆಗುತ್ತೆ, ಅರಳೋ ಶಕ್ತಿ ಇಲ್ದೆ ಅಲ್ಲೇ ಕೆಂಪಾಗಿ ಒಣಗುತ್ತೆ. ವರ್ಷದ ಫಸಲು ಅಲ್ಲಿಗೆ ಮುಗೀತು.

ಬೆಳಿಗ್ಗೆ ಪಕ್ಕದ ತೋಟದ ಬೆಳ್ಯಪ್ಪ ಅಂಕಲ್ ಫೋನ್ ಬಂತು. "ಏನ್ ಪೂವಯ್ಯ, ನಿನ್ನಲ್ಲಿ ಎಷ್ಟು?"

ಅಪ್ಪನ ಕೈಯಲ್ಲಿ ಆಗ ತಾನೇ ಅಳೆದ ಅರವತ್ತು ಸೆಂಟ್ ಇತ್ತು. "ನೀನು ಹೇಳು ಮೊದಲು" ಅಂದ್ರು.

"ಒಂದು ಇಂಚು ಹೊಡೀತು ಮಾರಾಯಾ!"

"ಹೌದಾ? ನಮ್ಮಲ್ಲಿ ಒಂದು ಇಂಚು ಹತ್ತು ಸೆಂಟ್."

ಫೋನ್ ಇಟ್ಟ ಕೂಡ್ಲೇ ಅವ್ವ ಅಡುಗೆಮನೆಯಿಂದ ಇಣುಕಿದ್ರು. "ಆ ಮಿಕ್ಕ ಐವತ್ತು ಎಲ್ಲಿ ಬಿತ್ತು? ನಿಮ್ಮ ತಲೆ ಮೇಲಾ?"

ಮಿಕ್ಕಿದ್ದನ್ನ ಕೆರೆಯಿಂದ ಪಂಪ್ ಮಾಡಿ ಸ್ಪ್ರಿಂಕ್ಲರಲ್ಲಿ ಕೊಡ್ಬಹುದು, ಬೇಗ ಕೊಡ್ಬೇಕು ಅಷ್ಟೇ. ಆದ್ರೆ ನಮ್ಮ ಡೀಸೆಲ್ ಎಂಜಿನ್ ಶುರು ಆದ್ರೆ ವಿರಾಜಪೇಟೆ ಬಸ್‌ಸ್ಟ್ಯಾಂಡಲ್ಲಿ ನಿಂತವರೂ ತಿರುಗಿ ನೋಡ್ತಾರೆ. ಪಕ್ಕದ ಬೆಳ್ಯಪ್ಪ ಅಂಕಲ್‌ಗೆ ಕೇಳದೆ ಇರುತ್ತಾ? ಒಂದು ಹತ್ತು ಬಿದ್ದ ತೋಟಕ್ಕೆ ಯಾವನಾದ್ರೂ ನೀರು ಹಾಕ್ತಾನಾ? ಅಪ್ಪ ಎಂಜಿನ್ ಶೆಡ್ ತನಕ ಹೋಗೋದು, ಬೇಲಿ ಕಡೆ ನೋಡೋದು, ವಾಪಸ್ ಬರೋದು. ಆ ದಿನ ಹಾಗೇ ಹೋಯ್ತು. ಮಾರನೇ ದಿನ ಅವ್ವ ತಾಳ್ಮೆ ಕಳ್ಕೊಂಡ್ರು. "ಮರ್ಯಾದೆ ಉಳಿಸ್ಕೊಳ್ಳಿ. ಮುಂದಿನ ವರ್ಷ ಕಣದಲ್ಲಿ ಕಾಫಿ ಬದಲು ಅದನ್ನೇ ಹರಡಿ ಒಣಗಿಸೋಣ."

ನಾನು ಒಂದು ಪಾತ್ರೆ ವಾಪಸ್ ಕೊಡೋ ನೆಪದಲ್ಲಿ ಬೆಳ್ಯಪ್ಪ ಅಂಕಲ್ ತೋಟಕ್ಕೆ ಹೋದೆ. ಅಂಕಲ್ ಕಾಫಿ ಗಿಡದ ರೆಂಬೆ ಬಗ್ಗಿಸಿ ಮೊಗ್ಗನ್ನ ಮೂಗಿಗೆ ತಾಗೋಷ್ಟು ಹತ್ರ ಹಿಡ್ಕೊಂಡಿದ್ರು. ನನ್ನನ್ನ ನೋಡಿದ ಕೂಡ್ಲೇ ಕೇಳಿದ್ದು, "ನಿಮ್ಮಪ್ಪ ಎಂಜಿನ್ ಶುರು ಮಾಡಲ್ವಾ ಮಗಳೇ?"

"ಯಾಕೆ ಅಂಕಲ್? ನಮ್ಮಲ್ಲಿ ಒಂದು ಹತ್ತು ಬಿದ್ದಿದೆಯಲ್ಲ."

ಅವರ ಮುಖ ಮೊಗ್ಗಿಗಿಂತ ಮುಂಚೆ ಬಾಡಿತು. ಅವರು ಕಾಯ್ತಿದ್ದದ್ದು ನಮ್ಮ ಎಂಜಿನ್ ಸದ್ದಿಗೆ, ಅವರ ಒಂದು ಇಂಚೂ ಫೋನಲ್ಲೇ ಬಿದ್ದದ್ದು ಅಂತ ನನಗೆ ಅಲ್ಲೇ ಗೊತ್ತಾಯ್ತು.

ನಗು ಬಂತು. ಆಮೇಲೆ ಯಾಕೋ ನಗೋಕೆ ಆಗ್ಲಿಲ್ಲ. ಮಳೆ ಇವರಿಬ್ಬರೂ ಮಾಡಿದ್ದಲ್ಲ. ಆದ್ರೂ ಜಾಸ್ತಿ ಬಿದ್ರೆ ಹೆಗಲ ಮೇಲೆ ಹೊತ್ತು ತಂದವರ ಹಾಗೆ ಹೇಳ್ತಾರೆ, ಕಡಿಮೆ ಬಿದ್ರೆ ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಮುಚ್ಚಿಡ್ತಾರೆ. ಮೋಡ ತಮ್ಮ ತೋಟ ನೋಡಿ ಮುಖ ತಿರುಗಿಸ್ಕೊಂಡು ಹೋಯ್ತು ಅಂತ ಪಕ್ಕದವನ ಹತ್ರ ಯಾರು ಹೇಳ್ಕೊಳ್ತಾರೆ? ಇವರು ಕೂಡಿಸೋದು ಮಳೆಯನ್ನಲ್ಲ, ಅವಮಾನ ಮುಚ್ಚೋಷ್ಟು ಬಟ್ಟೆ ಅಷ್ಟೇ.

ಇಷ್ಟು ಯೋಚನೆ ಮಾಡಿದವಳು ಸುಮ್ನೆ ಇರ್ಬಹುದಿತ್ತು. ಗಂಟಲು ಸರಿ ಮಾಡ್ಕೊಂಡೆ. "ಅಂಕಲ್, ಈಗಿನ ಸೈನ್ಸೇ ಬೇರೆ. ಈ ವರ್ಷದ ಬಿಸಿಲಿಗೆ ಬಿದ್ದ ನೀರು ಬೇರಿಗೆ ಹೋಗೋ ಮುಂಚೆ ವಾಪಸ್ ಮೇಲೆ ಹೋಗುತ್ತೆ. ಒಂದು ಇಂಚು ಬಿದ್ದವರೇ ಮುಖ್ಯವಾಗಿ ನೀರು ಹಾಕ್ಬೇಕಂತೆ. ರಿಟರ್ನ್ ಎಫೆಕ್ಟ್ ಅಂತ ಹೆಸರು."

"ನನಗೂ ಹಾಗೇ ಅನ್ನಿಸ್ತಿತ್ತು!" ಅಂದ್ರು ಅಂಕಲ್. ಹತ್ತು ವರ್ಷ ಚಿಕ್ಕವರಾದ ಹಾಗೆ ಕಂಡ್ರು.

ಓಡಿ ಬಂದು ಅಪ್ಪನಿಗೂ ಅದನ್ನೇ ಹೇಳಿದೆ. "ಬೆಳ್ಯಪ್ಪ ಅಂಕಲ್ ಕೂಡ ಹಾಕ್ತಾರಂತೆ" ಅಂತ ಮುಗಿಸೋಷ್ಟರಲ್ಲಿ ಅಪ್ಪ ಶೆಡ್ಡಲ್ಲಿದ್ರು. ಬೇಲಿಯ ಎರಡೂ ಕಡೆ ಎಂಜಿನ್ ಒಟ್ಟಿಗೆ ಹೊಡ್ಕೊಳ್ತು.

ಹೂ ಬಂತು. ಎಂಥ ಹೂ ಅಂದ್ರೆ, ಪರಿಮಳಕ್ಕೆ ತಲೆ ತಿರುಗಿ ನಮ್ಮ ನಾಯಿ ಎರಡು ದಿನ ಬೊಗಳ್ಲಿಲ್ಲ. ಎರಡು ತೋಟವನ್ನೂ ಉಳಿಸಿದ್ದು ನಾನು ಅಂತ ಬೀಗಿಕೊಂಡು ಓಡಾಡಿದೆ. ಆದ್ರೆ ಅಪ್ಪ ಅದನ್ನೂ ಫೋನಲ್ಲಿ ಹೇಳೋಕೆ ಶುರು ಮಾಡಿದ್ರು. ಮೊದಲು "ನನ್ನ ಮಗಳು ಎಲ್ಲೋ ಓದಿದ್ದು" ಅಂತಿದ್ದದ್ದು, ಮೂರನೇ ಫೋನಿಗೆ "ನನ್ನ ಮಗಳೇ ಕಂಡುಹಿಡಿದದ್ದು" ಆಯ್ತು. ಬೆಳ್ಯಪ್ಪ ಅಂಕಲ್ ಗೋಣಿಕೊಪ್ಪದ ನೆಂಟರಿಗೆ "ದೊಡ್ಡ ದೊಡ್ಡ ವಿಜ್ಞಾನಿಗಳೇ ಆ ಹುಡುಗಿನ ಕೇಳ್ತಾರೆ" ಅಂದ್ರಂತೆ. ಈಗ ಮುಖ ನೋಡಿರದವರೆಲ್ಲ ಫೋನ್ ಮಾಡ್ತಾರೆ. "ರಿಟರ್ನ್ ಎಫೆಕ್ಟ್ ಮೇಡಂ ಇದ್ದಾರಾ? ನಮ್ಮಲ್ಲಿ ಒಂದು ಇಪ್ಪತ್ತು ಬಿದ್ದಿದೆ, ಎಷ್ಟು ಗಂಟೆ ನೀರು ಬಿಡ್ಬೇಕು?" ಆ ಒಂದು ಇಪ್ಪತ್ತರಲ್ಲಿ ನೆಲಕ್ಕೆ ಬಿದ್ದದ್ದೆಷ್ಟು ಅಂತ ಯಾವ ಬಾಯಲ್ಲಿ ಕೇಳ್ಲಿ? ಅವರ ವರ್ಷದ ಫಸಲು, ನನ್ನದು ಒಂಬತ್ತನೇ ಕ್ಲಾಸು.

ನಿನ್ನೆ ಮತ್ತೆ ಫೋನ್ ಬಂತು. ಎತ್ತಿದ್ದು ಅವ್ವ. ಸ್ಕೂಲಿಗೆ ಹೋಗಿದ್ದಾಳೆ ಅಂತ ಹೇಳಿ ಅಂತ ನಾನು ಬಾಗಿಲ ಹಿಂದಿನಿಂದ ಕೈಸನ್ನೆ ಮಾಡಿದೆ.

"ಸ್ಕೂಲಿಗೆ ಹೋಗಿದ್ದಾಳೆ ಅಂತ ಹೇಳೋಕೆ ಹೇಳ್ತಿದ್ದಾಳೆ" ಅಂದ್ರು ಅವ್ವ ಫೋನಲ್ಲಿ. "ಇವತ್ತು ಭಾನುವಾರ. ನಿಲ್ಲಿ, ಕೊಡ್ತೀನಿ."