ಗೋಡೆಯ ಆನೆಯ ಹಸಿವು

ನರಗುಂದದ ಧಾನ್ಯದ ವ್ಯಾಪಾರಿ ಈಶಪ್ಪನ ಮನೆಯಲ್ಲಿ ಬಟ್ಟೆ ತೊಡದೆ ಉಳಿದಿದ್ದ ವಸ್ತುವೆಂದರೆ ಹಿತ್ತಲ ಬಾವಿಯೊಂದೇ. ನೀರಿನ ತಂಬಿಗೆಗೆ ಕ್ರೋಶಾ ಕುಲಾವಿ, ರೇಡಿಯೋಗೆ ಕ್ರೋಶಾ ಶಾಲು, ಕನ್ನಡಕದ ಡಬ್ಬಿಗೆ ಕ್ರೋಶಾ ಅಂಗಿ. (ಬಾವಿಯ ಅಳತೆಯನ್ನೂ ತೆಗೆದುಕೊಂಡದ್ದುಂಟು, ನೂಲು ಸಾಲಲಿಲ್ಲ.) ಇದೆಲ್ಲ ಅವನ ಹೆಂಡತಿ ಸಿದ್ದಲಿಂಗವ್ವನ ಕರಕೌಶಲ. ಹೋದ ದೀಪಾವಳಿಯ ಸುಮಾರಿಗೆ ಮಹಿಳಾ ಮಂಡಳದಲ್ಲಿ ಕೊಕ್ಕೆಸೂಜಿ ಹಿಡಿದ ಆ ಕೈ, ಈಗ ಊಟಕ್ಕೆ ಕೂತಾಗಲೂ ಅದನ್ನು ಕೆಳಗಿಡಲು ಒಪ್ಪುತ್ತಿರಲಿಲ್ಲ.

"ನಾ ಒಂದೀಟ ಕಣ್ಣ ಮುಚ್ಚಿದ್ರ ನನ್ನ ಸುತ್ತಲೂ ಹೆಣದ ಬಿಡ್ತಿ ನೀ," ಎಂದು ಈಶಪ್ಪ ತನ್ನ ರುಮಾಲಿಗೆ ಸಿಕ್ಕಿಕೊಂಡ ಬಾಗಿಲ ಲೇಸನ್ನು ಬಿಡಿಸಿಕೊಳ್ಳುತ್ತ ಗೊಣಗಿದ.

"ನಿಮ್ಮ ಅಳತಿಗೆ ನೂಲ ಎಲ್ಲಿಂದ ತರ್ಲಿ? ಬಾವಿಗೇ ಸಾಲಲಿಲ್ಲ," ಎಂದಳು ಅವಳು, ತಲೆ ಎತ್ತದೆ.

ತಲೆ ಎತ್ತಲು ಅವಳಿಗೆ ಪುರುಸೊತ್ತಿರಲಿಲ್ಲ. ಮಂಡಳದಲ್ಲಿ ಹೊಲಿಗೆ ಕಲಿಸುತ್ತಿದ್ದ ಬಾಯಾರು, ಎಂದರೆ ಟೀಚರಮ್ಮ, ಪೋಸ್ಟ್ ಮಾಸ್ತರರ ಹೆಂಡತಿ. ಗಂಡನಿಗೆ ವರ್ಗವಾಗಿ ಅವರೀಗ ಊರು ಬಿಡುವವರಿದ್ದರು. ಶನಿವಾರದ ಪ್ರದರ್ಶನದಲ್ಲಿ ಯಾರ ಕೆಲಸ ಎಲ್ಲಕ್ಕಿಂತ ಮೇಲೋ ಅವರೇ ಮುಂದಿನ ಬಾಯಾರು ಎಂದು ಹೇಳಿದ್ದರು. ಆ ಪಟ್ಟ ಸಿದ್ದಲಿಂಗವ್ವನಿಗೆ ಬೇಕೇ ಬೇಕಾಗಿತ್ತು. ಅವಳು ಮದುವೆಯಾಗಿ ಬಂದಂದಿನಿಂದ ಅತ್ತೆ ಗಾಳೆವ್ವ ಅವಳನ್ನು ಕರೆಯುವುದು 'ಏ ಹುಡುಗಿ' ಎಂದು. ಮಗಳನ್ನು ಗಜೇಂದ್ರಗಡಕ್ಕೆ ಕೊಟ್ಟು ಮನೆಗೆ ಅಳಿಯ ಬಂದರೂ ಹುಡುಗಿ ಹುಡುಗಿಯಾಗಿಯೇ ಉಳಿದಿದ್ದಳು. ಊರ ಹೆಂಗಸರೆಲ್ಲ ತನ್ನನ್ನು 'ಬಾಯಾರ' ಎನ್ನುವುದನ್ನು ಅತ್ತೆ ಒಮ್ಮೆ ಕಿವಿಯಾರೆ ಕೇಳಬೇಕು. ಅಷ್ಟಾದರೆ ಸಾಕಿತ್ತು.

ಅದಕ್ಕಾಗಿ ಒಂದು ಆನೆ ಸಿದ್ಧವಾಗುತ್ತಿತ್ತು. ಬಾಯಾರು ಹೊಸದಾಗಿ ಕಲಿಸಿದ ಅಪ್ಲಿಕ್ ವಿದ್ಯೆ ಅದು: ಬೂದು ಬಟ್ಟೆಯಲ್ಲಿ ಆನೆಯನ್ನು ಕತ್ತರಿಸಿ, ಕೆಂಪು ಬಟ್ಟೆಯ ಮೇಲಿಟ್ಟು ಅಂಚು ಮಡಚಿ ಹೊಲಿದು, ಸುತ್ತ ಕ್ರೋಶಾ ಲೇಸು ಹಾಕಿದರೆ ಗೋಡೆಗೆ ತೂಗುವ ಪರದೆ. ಹೊಟ್ಟೆ ಉಬ್ಬಿ ಕಾಣಲೆಂದು ಒಳಗೆ ಅರಳೆ ತುಂಬಿ ಆಗಿತ್ತು. ಇನ್ನು ಅರಳೆ ತುಂಬಲು ಬಿಟ್ಟಿದ್ದ ಬಾಯಿ ಹೊಲಿಯುವುದೊಂದೇ ಬಾಕಿ.

ಗಾಳೆವ್ವ ಬಂದು ಬಗ್ಗಿ ನೋಡಿದಳು. ಹಳೆಯ ಸೀರೆಗಳನ್ನು ಕೂಡಿಸಿ ಇಡೀ ಓಣಿಗೆ ಕೌದಿ ಹೊಲಿದುಕೊಟ್ಟವಳು ಅವಳು.

"ಏ ಹುಡುಗಿ, ಕೌದಿ ಭಾಳ ಸಣ್ಣದಾತಲ್ಲ. ಯಾರಿಗೆ ಹೊಚ್ಚಾಕಿ ಇದನ್ನ, ಬೆಕ್ಕಿಗೇನು?"

"ಕೌದಿ ಅಲ್ರಿ ಅತ್ತೀ, ಇದು ಅಪ್ಲಿಕ್."

"ಅರಿವಿ ಮ್ಯಾಲ ಅರಿವಿ ಇಟ್ಟ ಹೊಲದ್ರ ಕೌದಿನ. ಹೊಟ್ಟ್ಯಾಗ ಏನ ಇಟ್ಟಿ?"

"ಅರಳಿ ಇಟ್ಟೀನ್ರಿ."

"ಅರಳಿ ತಿಂತೈತೇನ ಆನಿ? ಒಂದ ಚೂರ ರೊಟ್ಟಿ ಇಟ್ಟ ಬಾಯಿ ಹೊಲಿ. ಬರೇ ಹೊಟ್ಟೀಲೆ ಕೌದಿ ಮುಚ್ಚಬಾರದು. ಹೊಚ್ಚಿಕೊಂಡವರಿಗೆ ಹಸಿವು ತಪ್ಪಂಗಿಲ್ಲ."

"ಇದನ್ನ ಯಾರೂ ಹೊಚ್ಚಿಕೊಳ್ಳಂಗಿಲ್ರಿ. ಗ್ವಾಡಿಗೆ ಹಾಕತಾರ."

"ಹಂಗಾರ ಗ್ವಾಡಿಗೆ ಹಸಿವಾಕ್ಕೈತಿ," ಎಂದು ಗಾಳೆವ್ವ ನೆರೆಮನೆಗೆ ಹೊರಟುಹೋದಳು.

ಸಿದ್ದಲಿಂಗವ್ವ ಸೂಜಿಗೆ ದಾರ ಪೋಣಿಸಿದಳು. ಆನೆಯ ಗುಂಡಿಯ ಕಣ್ಣು ಅವಳನ್ನೇ ನೋಡುತ್ತಿತ್ತು. ಅವಳು ಅದರ ಮೇಲೆ ಸೆರಗು ಹಾಕಿದಳು. ಸೆರಗಿನ ಕೆಳಗೂ ಅದು ನೋಡುತ್ತಿದ್ದಂತೆಯೇ ಅನಿಸಿತು. ರೊಟ್ಟಿಯ ಮಾತೆಲ್ಲ ಮೂಢನಂಬಿಕೆಯೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಪ್ರದರ್ಶನ ಹತ್ತಿರ ಬಂದಿತ್ತಲ್ಲ! ಆಚೀಚೆ ನೋಡಿ ಅಡುಗೆಮನೆಗೆ ಹೋದಳು. ರೊಟ್ಟಿಯ ಬುಟ್ಟಿಗೆ ನೀಡಿದ ಕೈಯನ್ನು ಹಿಂದಕ್ಕೆಳೆದಳು. ರೊಟ್ಟಿ ಇಟ್ಟರೆ ಅತ್ತೆ ಗೆದ್ದಂತೆ. ಅದೂ ಅಲ್ಲದೆ ಇದು ಇಂಗ್ಲಿಷ್ ಪದ್ಧತಿಯ ಆನೆ. ಜೋಳದ ರೊಟ್ಟಿ ಅದಕ್ಕೆ ಒಗ್ಗೀತೆ? ತಾನೇ ಮಾಡಿದ ಶೇಂಗಾ ಹೋಳಿಗೆಯ ಒಂದು ಚೂರು ಮುರಿದಳು. ಆನೆಯ ಹೊಟ್ಟೆಗೆ ಅದು ಕಡಿಮೆಯೆನಿಸಿ ಇನ್ನೊಂದು ಮುರಿದಳು. ಎರಡನ್ನೂ ಒಳಗೆ ತುರುಕಿ, ಯಾರಿಗೂ ಕಾಣದ ಹಾಗೆ ಹೊಲಿದುಬಿಟ್ಟಳು.

ಪ್ರದರ್ಶನದ ವಸ್ತುಗಳನ್ನೆಲ್ಲ ಹಿಂದಿನ ದಿನವೇ ಮಂಡಳದ ಗೋಡೆಗೆ ತೂಗುಹಾಕಿದ್ದರು. ಆನೆ ನಟ್ಟನಡುವೆ ವಿರಾಜಮಾನವಾಗಿತ್ತು. ಶನಿವಾರ ಗಾಳೆವ್ವನೂ ಬಂದು ಮುಂದಿನ ಜಮಖಾನೆಯ ಮೇಲೆ ಕೂತಳು. ಬಾಯಾರು ಒಂದೊಂದನ್ನೇ ನೋಡುತ್ತ ಬಂದು ಆನೆಯ ಮುಂದೆ ನಿಂತರು.

"ಎಷ್ಟ ನಾಜೂಕ ಕೆಲಸರಿ! ಹೊಟ್ಟಿ ಉಬ್ಬು ಭಾಳ ಚಲೋ ಬಂದೈತಿ. ಮತ್ತ ಈ ಸೊಂಡಿಲಿಂದ ಹೊಟ್ಟಿ ತನಕಾ ಕರೀ ದಾರದ ಹೊಲಿಗಿ ಹಾಕೀರಲ್ಲ, ಇದನ್ನ ನಾ ಕಲಿಸಿದ್ದ ನೆನಪಿಲ್ಲ."

ಅಂಥ ಹೊಲಿಗೆ ಸಿದ್ದಲಿಂಗವ್ವನ ನೆನಪಿನಲ್ಲೂ ಇರಲಿಲ್ಲ. ಆದರೆ ಮನೆಬಾಗಿಲಿಗೆ ಬಂದ ಹೊಗಳಿಕೆಯನ್ನು ಹೊರಗೆ ನಿಲ್ಲಿಸುವುದುಂಟೆ? "ಹೌದ್ರಿ, ಮನ್ಯಾಗ ಕುಂತ ನಾನ ಕಲತೆ," ಎಂದಳು.

ಬಾಯಾರು ಮೆಚ್ಚಿ ಬೆರಳಿಟ್ಟರು. ಹೊಲಿಗೆ ಬೆರಳು ಹತ್ತಿ ಮೊಣಕೈಯ ಕಡೆಗೆ ನಡೆಯತೊಡಗಿತು.

"ಅಯ್ಯಯ್ಯ, ಇರಿವಿ!"

ಬಾಯಾರಾಗುವ ಸಿದ್ದಲಿಂಗವ್ವನ ಕನಸು ಕಣ್ಣೆದುರಿಗೇ ಸಾಲುಗಟ್ಟಿ ಹೊರಟಿತ್ತು. "ನಮ್ಮ ಅತ್ತ್ಯಾರ ಕೆಲಸ ಇದು! ಹಳೇ ಕಾಲದವ್ರು. ಬ್ಯಾಡ ಅಂದ್ರೂ ಹೊಟ್ಟ್ಯಾಗ ರೊಟ್ಟಿ ಇಟ್ಟಿರಬೇಕ್ರಿ!"

ಬಾಯಾರು ಕತ್ತರಿ ತಂದು ಆನೆಯ ಹೊಟ್ಟೆ ಬಿಚ್ಚಿದರು. ಇರುವೆಗಳ ದಂಡಿನೊಡನೆ ಶೇಂಗಾ ಹೋಳಿಗೆಯ ಎರಡು ಚೂರು ಕೆಳಗೆ ಬಿದ್ದವು.

ಗಾಳೆವ್ವ ಎದ್ದು ಬಂದು ಒಂದನ್ನು ಎತ್ತಿ, ಇರುವೆ ಕೊಡವಿ, ಬೆಳಕಿಗೆ ಹಿಡಿದಳು.

"ನನ್ನ ಕೌದಿ ನಿಮ್ಮೆಲ್ಲಾರ ಮನ್ಯಾಗೂ ಅದಾವು. ಒಂದಕ್ಕರ ಇರಿವಿ ಹತ್ಯಾವೇನ, ಹೇಳ್ರೆವ್ವಾ. ನಾ ಇಡೂದು ಒಣಾ ಖಡಕ್ ರೊಟ್ಟಿ ಚೂರು, ಅದೂ ಉಗುರಿನಷ್ಟು. ಶೇಂಗಾ ಹೋಳಿಗಿ ಯಾರ ಮಾಡಿದ್ರು ಅನ್ನೂದು ನಿಮಗೂ ಗೊತ್ತೈತಿ, ಓಣಿಗೆಲ್ಲಾ ಹಂಚ್ಯಾಳ." ಚೂರನ್ನು ತಿರುಗಿಸಿ ನೋಡಿದಳು. "ನನಗ ಇಷ್ಟ ದೊಡ್ಡದು ಬಂದಿದ್ದಿಲ್ಲ ಬಿಡ್ರಿ. ಆನಿ ಪುಣ್ಯಾ ಮಾಡಿತ್ತು."

ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಸಿದ್ದಲಿಂಗವ್ವ ಪರದೆಯ ಹಿಂದೆ ಅಡಗಲು ನೋಡಿದಳು, ಅಲ್ಲೂ ಇರುವೆ. ಬಾಯಾರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಏನರ ಆಗಲಿ, ಕೆಲಸ ಎಲ್ಲಾರಕಿಂತ ಚಲೋ ಐತಿ. ಇನ್ನ ಮುಂದ ನೀವ ಕಲಸ್ರಿ. ಆ ಕರೀ ಹೊಲಿಗಿ ಒಂದ ಬಿಟ್ಟು."

ಮುಂದಿನ ಶನಿವಾರ ಸಿದ್ದಲಿಂಗವ್ವ ಇಸ್ತ್ರಿ ಸೀರೆಯುಟ್ಟು ಬಾಯಾರ ಕುರ್ಚಿಯಲ್ಲಿ ಕೂತಳು. ಅಂದಿನ ಪಾಠ ಅಪ್ಲಿಕ್ ಗಿಳಿ. ಕತ್ತರಿಸುವುದಾಯಿತು, ಅಂಚು ಮಡಚುವುದಾಯಿತು, ಅರಳೆ ತುಂಬುವುದಾಯಿತು.

"ಇನ್ನ ಬಾಯಿ ಹೊಲೀರಿ. ಇಂಗ್ಲಿಷ್ ಪದ್ಧತ್ಯಾಗ ಅರಳಿ ಬಿಟ್ರ ಒಳಗ ಏನೂ ಇಡಂಗಿಲ್ಲ," ಎಂದಳು.

ಒಂದು ಸೂಜಿಯೂ ಅಲುಗಲಿಲ್ಲ. ಎಲ್ಲರೂ ಅವಳ ಮುಖವನ್ನೇ ನೋಡುತ್ತ ಕೂತರು.

ಆಗ ಹಿಂದಿನ ಸಾಲಿನಿಂದ, ಆ ದಿನವೇ ಹೆಸರು ಹಚ್ಚಿದ ಹೊಸ ವಿದ್ಯಾರ್ಥಿನಿ ಗಾಳೆವ್ವ ಎದ್ದಳು. ಸೆರಗಿನ ಗಂಟು ಬಿಚ್ಚಿ, ಒಬ್ಬೊಬ್ಬರ ಮುಂದೆಯೂ ಒಣ ರೊಟ್ಟಿಯ ಚೂರು ಇಡುತ್ತ ಬಂದಳು.

"ತಗೋರ್ರೆವ್ವಾ, ಒಂದೊಂದ. ಹೋಳಿಗಿ ಮಾತ್ರ ಇಡಬ್ಯಾಡ್ರಿ. ಇಟ್ರ ಏನಾಕ್ಕೈತಿ ಅನ್ನೂದನ್ನ ನಮ್ಮ ಬಾಯಾರು ಮೊನ್ನೆನ ಚಲೋತ್ನಾಗಿ ಕಲಿಸ್ಯಾರ."

ಅತ್ತೆಯ ಬಾಯಿಂದಲೇ 'ಬಾಯಾರು' ಎಂಬ ಮಾತು ಬಂದೇ ಬಂದಿತ್ತು. ಹೊಸ ಬಾಯಾರು ತಾವೂ ಕೈಯೊಡ್ಡಿ, ತಮ್ಮ ಗಿಳಿಯ ಪಾಲಿನ ಚೂರನ್ನು ಇಸಿದುಕೊಂಡರು.