ಗೋಲಿನ ಹಿಂದೆ ನಿಂತು ಬೈದ ಮಾವ

ನಮ್ಮ ಸೋದರಮಾವ ಜೀವಮಾನದಲ್ಲಿ ಒಂದೇ ಒಂದು ಸಲ ಚೆಂಡು ಒದ್ದವರು. ಅದು ನೇರವಾಗಿ ಹೋಗಿ ಅತ್ತೆ ಒಣಹಾಕಿದ್ದ ಹಪ್ಪಳದ ಮೇಲೆ ಬಿತ್ತು. ಅಂದಿನಿಂದ ಒದೆಯುವುದನ್ನು ಬಿಟ್ಟು ಬೈಯುವುದನ್ನು ಹಿಡಿದರು. ಇದೂ ಒಂದು ಸೇವೆಯೇ ಎಂದು ನೀವು ನಗಬಹುದು. ಎಂಬತ್ತರ ದಶಕದಲ್ಲಿ ಕೊಯಮತ್ತೂರಿನ ಬಳಿಯ ಪೆರಿಯನಾಯಕನಪಾಳ್ಯಂನ ನಮ್ಮ ಮಿಲ್ಲಿನ ಫುಟ್‌ಬಾಲ್ ತಂಡವನ್ನು ನೋಡಿದ್ದರೆ ನೀವೂ ಅದೇ ಸೇವೆಗೆ ನಿಲ್ಲುತ್ತಿದ್ದಿರಿ.

ಮಾವ ಮಿಲ್ಲಿನಲ್ಲಿ ಮಗ್ಗಗಳ ಫಿಟ್ಟರ್. ನಾನು ಅದೇ ಮಿಲ್ಲಿನ ಗುಮಾಸ್ತ. ನಮ್ಮ ತಂಡ ಸೋಲುತ್ತಲೇ ಇತ್ತು. ಸೋಲದೆ ಇನ್ನೇನು ಮಾಡೀತು? ಆಟಗಾರರನ್ನು ಆರಿಸುತ್ತಿದ್ದವರು ಮ್ಯಾನೇಜರು. ಅವರ ಭಾವಮೈದುನನೇ ಕ್ಯಾಪ್ಟನ್. ಚೆಂಡು ತನ್ನತ್ತ ಬರುವುದು ಕಂಡರೆ ಆ ಮಹಾನುಭಾವ ಮೊದಲು ಕ್ರಾಪು ಸರಿಮಾಡಿಕೊಳ್ಳುತ್ತಿದ್ದ. ಒಮ್ಮೆ ಹನ್ನೊಂದು ಜೊತೆ ಬೂಟು ತರಿಸಿದರು. ಹನ್ನೊಂದೂ ಒಂದೇ ಅಳತೆ, ಅದೂ ಮ್ಯಾನೇಜರ ಕಾಲಿನ ಅಳತೆ!

ಮಾವನ ಬೈಗುಳಕ್ಕೊಂದು ಪದ್ಧತಿಯಿತ್ತು. ನಾವು ತಲೆತಲಾಂತರದಿಂದ ಇಲ್ಲೇ ನೆಲೆಸಿದ ನೇಕಾರರು. ಹೊಸಿಲ ಒಳಗೆ ಕನ್ನಡ, ಹೊರಗೆ ತಮಿಳು. ಮೈದಾನದಲ್ಲಿ ತಮಿಳಿನಲ್ಲಿ ಬೈದರೆ ಮ್ಯಾನೇಜರ ಕಿವಿಗೆ ಬಿದ್ದು ಕೆಲಸಕ್ಕೇ ಕುತ್ತು. ಆದ್ದರಿಂದ ಮಾವ ಗೋಲಿನ ಹಿಂದೆ ನಿಂತು, ಮುಖದ ತುಂಬ ನಗು ಇಟ್ಟುಕೊಂಡು, ಅಚ್ಚ ಮನೆಮಾತಿನಲ್ಲಿ ಬೈಯುತ್ತಿದ್ದರು. ಹುರಿದುಂಬಿಸುತ್ತಿದ್ದಾರೆಂದು ತಿಳಿದು ಮ್ಯಾನೇಜರು ದೂರದಿಂದ ಕೈಬೀಸುತ್ತಿದ್ದರು.

ಹೆಚ್ಚು ಬೈಸಿಕೊಂಡವನು, ಎದುರಿಗೇ ಸಿಕ್ಕುತ್ತಿದ್ದ ಗೋಲ್‌ಕೀಪರ್. ಆ ವರ್ಷ ಹೊಸದಾಗಿ ಬಂದಿದ್ದ ಉದ್ದನೆಯ, ಮಾತೇ ಆಡದ ತರುಣ.

"ಲೋ ಒಣಮರ, ಕೈ ಇರೋದು ಅನ್ನ ಕಲಸಕ್ಕೆ ಮಾತ್ರಾನಾ? ಇದಕ್ಕೇನೋ ನಿಮ್ಮವ್ವ ನಿನ್ನ ಹಾಲು ಹುಯ್ದು ಸಾಕಿದ್ದು?"

ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ. ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡು ಮತ್ತೆ ನಿಲ್ಲುತ್ತಿದ್ದ.

ಒಂದು ಭಾನುವಾರ ಐದು ಗೋಲು ತಿಂದೆವು. ಟೀ ಅಂಗಡಿಯಲ್ಲಿ ಜನರೆಲ್ಲ ಕುದಿಯುತ್ತಿದ್ದರು. ಮಾವ ಅಲ್ಲೇ ಕೂತು ತಮಿಳಿನಲ್ಲಿ ಆಡಳಿತಕ್ಕೊಂದು ಅರ್ಜಿ ಬರೆದರು. ಕ್ಯಾಪ್ಟನ್ನನ್ನು ಬದಲಿಸಿ, ಕಾಲಿಗೆ ಹೊಂದುವ ಬೂಟು ಕೊಡಿಸಿ, ಆಟ ಬಲ್ಲ ಒಬ್ಬ ಕೋಚನ್ನು ತನ್ನಿ. ಹಾಳೆಯ ಕೆಳಗೆ ಜಾಗ ಉಳಿದಿತ್ತು. ಖಾಲಿ ಬಿಡುವುದೇಕೆಂದು 'ಗೋಲ್‌ಕೀಪರನ್ನೂ ಬದಲಿಸಿ' ಎಂದು ಸೇರಿಸಿದರು. ನಾನೂ ಸಹಿ ಹಾಕಿದೆ.

ಆ ವಾರವೇ ನೋಟೀಸು ಬೋರ್ಡಿನಲ್ಲಿ ಉತ್ತರ ಬಂತು: ಅಭಿಮಾನಿಗಳ ಇಚ್ಛೆಯಂತೆ ಗೋಲ್‌ಕೀಪರನ್ನು ಕೈಬಿಡಲಾಗಿದೆ. ಉಳಿದದ್ದರ ಬಗ್ಗೆ ಚಕಾರವಿಲ್ಲ.

"ಒಂದಾದ್ರೂ ಕೇಳಿದ್ರಲ್ಲ" ಎಂದು ಮಾವ ಹಿಗ್ಗಿದರು. ಅವನಿಗೆ ಮಿಲ್ಲಿನಲ್ಲಿ ಕೆಲಸ ಕೊಟ್ಟದ್ದೇ ಆಟಕ್ಕಾಗಿ, ಆಟ ಹೋದರೆ ಕೆಲಸವೂ ಹೋಗುತ್ತದೆ ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಈಗಲೂ ಆ ಸಹಿ ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಶನಿವಾರ ಸಂಜೆ ನಾನು ಮಾವನ ಮನೆಯಲ್ಲಿದ್ದಾಗ ಅವನು ಬ್ಯಾಗು ಹಿಡಿದು ಬಾಗಿಲಿಗೆ ಬಂದ. ಮಾವ ತಬ್ಬಿಬ್ಬಾಗಿ "ವಾಂಗ ತಂಬಿ" ಎಂದು ತಮಿಳಿನಲ್ಲಿ ಒಳಕ್ಕೆ ಕರೆದರು. ಅವನು ಚಪ್ಪಲಿ ಬಿಟ್ಟು, ನಮ್ಮ ಮನೆಮಾತಿನಲ್ಲೇ ಹೇಳಿದ:

"ಊರಿಗೆ ಹೋಗ್ತಿವ್ನಿ ಅಣ್ಣಾ. ಮಡತ್ತುಕುಳಂ. ನಿಮ್ಮತ್ರ ಹೇಳಿಬಿಟ್ಟು ಹೋಗಾಣ ಅಂತ ಬಂದೆ."

ಮಾವ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಹಂಗಾದ್ರೆ, ನಾನು ಹಿಂದೆ ನಿಂತು ಹೇಳ್ತಿದ್ದುದೆಲ್ಲ..."

"ಆಮಾಣ್ಣ, ಹೌದು, ಎಲ್ಲಾ ಕೇಳ್ತಿತ್ತು. ಅವ್ವ ಹೋದ ಮ್ಯಾಲೆ ನನ್ನ ಕನ್ನಡದಾಗೆ ಬೈಯೋರೇ ಇರ್ಲಿಲ್ಲ. ಗೊತ್ತಾದ್ರೆ ನಿಲ್ಲಿಸಿಬಿಡ್ತೀರಿ ಅಂತ ಹೇಳ್ಲಿಲ್ಲ." ಸ್ವಲ್ಪ ತಡೆದು ಮತ್ತೆ ಹೇಳಿದ, "ಅರ್ಜಿ ಯಾರು ಬರೆದ್ರೋ ಗೊತ್ತಿಲ್ಲ. ನೀವಂತೂ ಸೇರಿರಲ್ಲ."

ಮಾವ ಸುಮ್ಮನಿದ್ದುಬಿಡಬಹುದಿತ್ತು. ಇರಲಿಲ್ಲ.

"ಬರೆದೋನು ನಾನೇ ಕಣಪ್ಪಾ."

ಅವನು ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿಕೊಂಡ. ಅತ್ತೆ ಊಟಕ್ಕೆ ಕರೆದರೂ ನಿಲ್ಲಲಿಲ್ಲ. ಮಾವ ಅವನ ಕೈಯಿಂದ ಬ್ಯಾಗು ಕಿತ್ತುಕೊಂಡು ಮೇಟ್ಟುಪಾಳ್ಯಂ ರಸ್ತೆಯ ಬಸ್ ನಿಲ್ದಾಣದವರೆಗೆ ಹೊತ್ತರು. ನಾನೂ ಹಿಂದೆಯೇ ನಡೆದೆ. ಬಸ್ಸು ಹೊರಡುವಾಗ ಅವನು ಕಿಟಕಿಯಿಂದ ಬಗ್ಗಿ, "ಹೊಸಾ ಕೀಪರ್‌ಗೆ ನಮ್ ಮಾತು ಬರಲ್ಲ. ಅವನ್ನ ಬೈಬೇಡಿ ಅಣ್ಣಾ, ಪಾವಂ, ಪಾಪದೋನು" ಎಂದ.

ಬಸ್ಸು ಕೊಯಮತ್ತೂರಿನ ಕಡೆ ಹೋಗಿ ಮರೆಯಾಯಿತು. ಮಾವ ನನ್ನ ಕಡೆ ತಿರುಗಿದರು.

"ಏನೋ, ಅವನ ಹೆಸರೇನೂಂತ ಕೇಳಿದ್ಯಾ?"

ನಾನೂ ಕೇಳಿರಲಿಲ್ಲ.