ಆಶ್ರಯಧಾಮದ ಚರ್ಮಸಂಪತ್ತು

೧೯೫೮ರ ಬೇಸಿಗೆಯಲ್ಲಿ, ಕೋಲಾರದ ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸ್‌ನ ವೃದ್ಧ ಕಾರ್ಮಿಕರ ಆಶ್ರಯಧಾಮವು ತನ್ನ ನಿವಾಸಿಗಳ ಮೈಚರ್ಮ ಸಂಸ್ಥೆಯ ಸ್ವತ್ತೆಂದು ಘೋಷಿಸಿತು. ಇದರಿಂದ ಯಾರಿಗೂ ಅನ್ಯಾಯವಾಗಲಿಲ್ಲ. ಚರ್ಮ ಅವರವರ ಮೈಮೇಲೆಯೇ ಇತ್ತು.

ನಡೆದದ್ದು ಇಷ್ಟೆ. ಡಾಕ್ಟರು ಮುದುಕ ಕುಪ್ಪುಸ್ವಾಮಿಯ ಕಾಲು ನೋಡಿ, "ನೀರು ಸಾಲದೆ ಚರ್ಮ ಒಣಗಿ ಒಡೆದಿದೆ. ಚೆನ್ನಾಗಿ ನೀರು ಕುಡಿಸಿ, ಕೊಬ್ಬರಿ ಎಣ್ಣೆ ಹಚ್ಚಿ. ಇಲ್ಲದಿದ್ರೆ ಕಾಲು ಕೊಳೆಯುತ್ತೆ" ಎಂದರು. ಸೂಪರಿಂಟೆಂಡೆಂಟ್ ರಾಮಚಂದ್ರಪ್ಪನವರ ಕಣ್ಣು ಮಾತ್ರ ಹಾಸಿಗೆಯ ಮೇಲೆ ಉದುರಿದ್ದ ಚರ್ಮದ ಹೊಟ್ಟಿನ ಮೇಲಿತ್ತು. ಅವರು ಹಿಂದೆ ಗಣಿಯ ಗೇಟಿನಲ್ಲಿ, ಪಾಳಿ ಮುಗಿಸಿ ಬಂದವರ ಮೈ ತಡವಿ ಚಿನ್ನ ಹುಡುಕುತ್ತಿದ್ದವರು. ಬುದ್ಧಿ ಇನ್ನೂ ಗೇಟಿನಲ್ಲೇ ಇತ್ತು. ಬಂಗಾರಪೇಟೆಯ ಅಕ್ಕಸಾಲಿಗರ ಅಂಗಡಿ ಕಸ ತೊಳೆದರೇ ಚಿನ್ನ ಸಿಗುವಾಗ, ಜೀವಮಾನವೆಲ್ಲ ಗಣಿಯೊಳಗೆ ಕಳೆದವನ ಹೊಟ್ಟಿನಲ್ಲಿ ಸಿಗದೆ ಇದ್ದೀತೆ?

ಚರ್ಮ ಒಣಗಿದಷ್ಟೂ ಹೊಟ್ಟು ಹೆಚ್ಚು ಎಂಬ ಅವರ ಲೆಕ್ಕಕ್ಕೆ ಆಡಳಿತ ಸಮಿತಿ ತಲೆದೂಗಿತು. ಪ್ರಕಟಣೆ ಗೋಡೆಗೇರಿತು: "ಎಣ್ಣೆ ಹಚ್ಚುವುದು, ಅಗತ್ಯಕ್ಕಿಂತ ಹೆಚ್ಚು ನೀರು ಕುಡಿಯುವುದು, ಅನುಮತಿಯಿಲ್ಲದೆ ಬೆವರುವುದು ನಿಷಿದ್ಧ. ತುರಿಕೆಯುಳ್ಳವರು ಕಚೇರಿಯ ಬಿಳಿ ಬಟ್ಟೆಯ ಮೇಲೆ ನಿಂತು ಕೆರೆದುಕೊಳ್ಳತಕ್ಕದ್ದು." ಬೇತಮಂಗಲದ ಕೆರೆಯಿಂದ ಬರುತ್ತಿದ್ದ ನೀರು ಸಮಿತಿಯ ಅಧ್ಯಕ್ಷರ ಗುಲಾಬಿ ತೋಟಕ್ಕೆ ತಿರುಗಿತು. ಗುಲಾಬಿಗೆ ಆ ನಿಯಮ ಅನ್ವಯಿಸುತ್ತಿರಲಿಲ್ಲ.

ಹೊಟ್ಟು ತೊಳೆಸಿದರು. ಚಿನ್ನ ಸಿಗಲಿಲ್ಲ. ಮುದುಕರು ಕದ್ದು ನೀರು ಕುಡಿಯುತ್ತಿರುವುದೇ ಕಾರಣವೆಂದು ತೀರ್ಮಾನಿಸಿ, ಕೊಡುತ್ತಿದ್ದ ನೀರನ್ನೂ ಅರ್ಧಕ್ಕಿಳಿಸಿದರು.

ಕುಪ್ಪುಸ್ವಾಮಿಯ ಮಗಳು ಕದಿರಮ್ಮ ಎಣ್ಣೆ ಸೀಸೆ ಹಿಡಿದು ಬಂದಳು. ಅಪ್ಪನ ಕಾಲು ಸವರಿದರೆ ಹೊಟ್ಟು ಕೈತುಂಬ ಅಂಟಿತು.

"ಏಳಪ್ಪಾ, ಮನೆಗೋಗಾನ. ಬಾವಿ ತುಂಬ ನೀರೈತೆ."

ರಾಮಚಂದ್ರಪ್ಪನವರು ಗೇಟಿನಲ್ಲಿ ಅಡ್ಡ ನಿಂತರು. "ಅಪ್ಪನ್ನ ಕರ್ಕೊಂಡು ಹೋಗಮ್ಮ, ಬೇಡ ಅಂದೋರ್ಯಾರು? ಸಂಸ್ಥೆ ಸ್ವತ್ತು ಮಾತ್ರ ಇಲ್ಲೇ ಬಿಡ್ಬೇಕು."

"ಯಾವ್ ಸ್ವತ್ತು ಸಾಮಿ?"

"ಚರ್ಮ."

"ನಿಮ್ಗೇನು ತಲೆ ಕೆಟ್ಟೈತಾ?" ಎಂದು ಕದಿರಮ್ಮ ಸಿಡಿದಳು. ಆದರೆ ಗೇಟು ಕಂಡ ಕುಪ್ಪುಸ್ವಾಮಿ ಹಳೆಯ ಅಭ್ಯಾಸದಂತೆ ಎರಡೂ ಕೈ ಮೇಲೆತ್ತಿ ನಿಂತುಬಿಟ್ಟಿದ್ದ. ಒಣಗಿದ ನಾಲಿಗೆ ಕಷ್ಟಪಟ್ಟು ಹೊರಳಿತು.

"ರೂಲ್ಸು ರೂಲ್ಸೇ ಕಣಮ್ಮಿ. ಸಾಹೇಬ್ರುನ್ನ ಬೈಬ್ಯಾಡ. ನೀನೋಗು, ಎಲ್ಲಾ ಉದುರಿದ್ಮೇಲೆ ಬತ್ತೀನಿ."

ಅಪ್ಪನೇ ಹಾಗೆಂದ ಮೇಲೆ ಮಗಳು ಮಾಡುವುದೇನು? ಕಣ್ಣೊರೆಸಿಕೊಂಡು ಸೀಸೆಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ರೈಲಿಗೆ ಹೊತ್ತಾಗಿತ್ತು. ಆದರೂ ಹೊರಡುವ ಮುನ್ನ ಕಚೇರಿಗೆ ಹೋಗಿ, ಅಪ್ಪನ ಕಾಲು ಸವರಿದ್ದ ಕೈಗಳನ್ನು ಬಿಳಿ ಬಟ್ಟೆಯ ಮೇಲೆ ಚೆನ್ನಾಗಿ ಕೊಡವಿದಳು.

ರಾಮಚಂದ್ರಪ್ಪನವರು ಆಕೆಯ ಪ್ರಾಮಾಣಿಕತೆಯನ್ನು ಮೆಚ್ಚಿಕೊಂಡರು.